ಮಕ್ಕಳ ಭಾವಚಿತ್ರ: ಬಯಲುಸೀಮೆಯ ಬೆಳಕು ಮತ್ತು ಹಗುರ ಕೈಯ ತಿದ್ದುಪಡಿ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿರುವ ಕೊರಟಗೆರೆ, ಮಧುಗಿರಿ, ಶಿರಾ ಮತ್ತು ಪಾವಗಡ ತಾಲ್ಲೂಕುಗಳು ಶಾಲಾ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂಬ ಒಂದೇ ಹೆಸರಿನ ಕೆಳಗೆ ಬರುವಂತೆಯೇ, ಭೂಗುಣದಲ್ಲಿಯೂ ಬಂಡೆ ಮತ್ತು ಬಿಸಿಲು ಎಂಬ ಎರಡು ಸಂಗತಿಗಳಿಂದ ಒಂದಾಗಿವೆ. ಕೊರಟಗೆರೆಯ ಕಡೆ ಗವಿಗಳಿಗೂ ಗಿಡಮೂಲಿಕೆಗಳಿಗೂ ಹೆಸರಾದ ಸಿದ್ದರಬೆಟ್ಟ, ಮಧುಗಿರಿಯಲ್ಲಿ ಊರಿನ ಮೇಲೆಯೇ ಎದ್ದು ನಿಂತ ಏಕಶಿಲೆಯ ಕೋಟೆಬೆಟ್ಟ, ಪಾವಗಡದಲ್ಲಿ ಕೋಟೆ ಹೊತ್ತ ಕಲ್ಲುಗುಡ್ಡ, ಇವುಗಳ ನಡುವೆ ಕೆಮ್ಮಣ್ಣಿನ ಹೊಲ ಮತ್ತು ಮಳೆಗೆ ಕಾಯುವ ಕೆರೆಯಂಗಳಗಳು ಹರಡಿರುವ ಈ ಸೀಮೆಯಲ್ಲಿ ಬಿಸಿಲಿಗೆ ಎಷ್ಟು ಬರವಿಲ್ಲವೆಂದರೆ, ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆ ಜಮೀನಿನಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ 2018ರಿಂದ ಹಂತಹಂತವಾಗಿ ತಲೆಯೆತ್ತಿತು. ವಿದ್ಯುತ್ ಉತ್ಪಾದನೆಗೆ ವರವಾದ ಈ ಬೆಳಕು ಮಕ್ಕಳ ಮುಖವನ್ನು ಸಹಜವಾಗಿ ಚಿತ್ರಿಸಬಯಸುವವರಿಗೆ ಮಾತ್ರ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಈ ಬೆಳಕನ್ನು ಅರಿತು ತೆಗೆದ ಚಿತ್ರಕ್ಕೆ ಆಮೇಲೆ ಬೇಕಾಗುವ ತಿದ್ದುಪಡಿ ಬಹಳ ಸ್ವಲ್ಪ ಎಂಬುದೂ, ಆ ಸ್ವಲ್ಪವು ಮಗುವಿನ ಮುಖದಲ್ಲಿ ಕಣ್ಣು ಕಂಡದ್ದನ್ನು ಮರಳಿ ಕೊಡುವುದಕ್ಕೆ ಮಾತ್ರ ಸಲ್ಲಬೇಕು, ಇಲ್ಲದ್ದನ್ನು ಸೇರಿಸುವುದಕ್ಕಾಗಲಿ ಇದ್ದದ್ದನ್ನು ಅಳಿಸುವುದಕ್ಕಾಗಲಿ ಸಲ್ಲಬಾರದು ಎಂಬುದೂ ಈ ಭಾಷಣದ ಮುಖ್ಯ ವಿಚಾರ.

ಇಲ್ಲಿ ಚರ್ಚಿತವಾಗುವ ಚಿತ್ರದ ಬಗೆಯನ್ನು ಛಾಯಾಗ್ರಾಹಕರು ಕ್ಯಾಂಡಿಡ್ ಎಂದು ಕರೆಯುತ್ತಾರೆ. ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ತಲೆ ಬಾಚಿ, ಕ್ಯಾಮೆರಾದ ಕಡೆ ನೋಡುವಂತೆ ಕರೆದು ತೆಗೆಯದೆ, ಅದು ತನ್ನ ಪಾಡಿಗೆ ಆಟದಲ್ಲೋ ಕೆಲಸದಲ್ಲೋ ಯೋಚನೆಯಲ್ಲೋ ಮುಳುಗಿರುವಾಗ, ಫ್ಲ್ಯಾಷ್ ಅಥವಾ ದೀಪದ ಸಹಾಯವಿಲ್ಲದೆ, ಆಗ ಅಲ್ಲಿರುವ ಹಗಲಿನ ಬೆಳಕಿನಲ್ಲಿಯೇ ತೆಗೆದ ಮುಖಚಿತ್ರವೆಂದು ಇದನ್ನು ವಿವರಿಸಬಹುದು. ಛಾಯಾಗ್ರಹಣದ ಆರಂಭದ ದಶಕಗಳಲ್ಲಿ ಇಂಥ ಚಿತ್ರವನ್ನು ತೆಗೆಯುವುದು ಸಾಧ್ಯವೇ ಇರಲಿಲ್ಲ. ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ನೆಲೆಸಿ, ನಲವತ್ತೆಂಟರ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರು ತಾವು ಪಡೆದ ಮೊದಲ ಯಶಸ್ಸೆಂದು ಹೇಳಿಕೊಂಡದ್ದು 1864ರ ಜನವರಿಯಲ್ಲಿ ತೆಗೆದ ಆ್ಯನಿ ಎಂಬ ಬಾಲಕಿಯ ಭಾವಚಿತ್ರವನ್ನು. ಅದೂ ಹಗಲಿನ ಬೆಳಕಿನದೇ ಆದರೂ, ಗಾಜಿನ ಫಲಕಕ್ಕೆ ಬೆಳಕು ಸಾಕಷ್ಟು ಬೀಳುವವರೆಗೆ ಮಗು ಅಲುಗದೆ ಕೂರಬೇಕಾಗಿದ್ದ ಕಾಲವದು. ಕೈಯಲ್ಲಿ ಹಿಡಿಯಬಹುದಾದ ಸಣ್ಣ ಕ್ಯಾಮೆರಾಗಳೂ ಚುರುಕಾದ ಫಿಲ್ಮುಗಳೂ ಬಂದ ಮೇಲೆಯೇ ಓಡುವ, ನಗುವ, ಅಳುವ ಮಗು ಚಿತ್ರಕ್ಕೆ ಸಿಕ್ಕಿತು.

ಕನ್ನಡನಾಡಿನ ಮಟ್ಟಿಗೆ ಈ ಪರಂಪರೆಯಲ್ಲಿ ಮೊದಲು ನೆನೆಯಬೇಕಾದ ಹೆಸರು ಮೈಸೂರಿನ ಟಿ. ಎಸ್. ಸತ್ಯನ್ ಅವರದು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ, 1977ರಲ್ಲಿ ಪದ್ಮಶ್ರೀ ಗೌರವ ಪಡೆದ ಈ ಪತ್ರಿಕಾ ಛಾಯಾಗ್ರಾಹಕರು ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳಿಗಾಗಿ ದೇಶದ ಹಳ್ಳಿಗಳನ್ನು ಸುತ್ತಿದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾಗಿದ್ದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಯುನಿಸೆಫ್ ಆಶ್ರಯದಲ್ಲಿ ನಡೆಯಿತು. ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ತಮ್ಮ ವಸ್ತುವಾಗಿ ಆರಿಸಿಕೊಂಡ ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳು ಮಕ್ಕಳನ್ನು ಕರುಣೆಯ ವಸ್ತುವನ್ನಾಗಿ ಮಾಡದೆ ಅವರವರ ಲೋಕದ ಯಜಮಾನರನ್ನಾಗಿ ತೋರಿಸುತ್ತವೆ ಎಂಬುದೇ ಅವುಗಳ ದೊಡ್ಡ ಗುಣ. ಇಂದು ತಿದ್ದುಪಡಿಯ ಬಗ್ಗೆ ಮಾತನಾಡುವವರು ಮೊದಲು ಕಲಿಯಬೇಕಾದದ್ದು ಅಂಥ ನೋಟವನ್ನು.

ಇನ್ನು ಬೆಳಕಿನ ವಿಷಯ. ಈ ನಾಲ್ಕು ತಾಲ್ಲೂಕುಗಳು ಹೆಚ್ಚುಕಡಿಮೆ 13.5ರಿಂದ 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ವರ್ಷದಲ್ಲಿ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ ಮತ್ತು ಆಗಸ್ಟ್ ತಿಂಗಳ ನಡುವಿನಲ್ಲೊಮ್ಮೆ, ಮಧ್ಯಾಹ್ನ ಸುಮಾರು 12 ಗಂಟೆ 20 ನಿಮಿಷದ ಹೊತ್ತಿಗೆ ಸೂರ್ಯ ನಡುನೆತ್ತಿಯ ಮೇಲೆ ಬರುತ್ತಾನೆ. ಆಗ ಹಣೆ, ಮೂಗಿನ ತುದಿ ಮತ್ತು ಕೆನ್ನೆಯ ಮೇಲ್ಭಾಗ ಸುಟ್ಟಂತೆ ಬೆಳ್ಳಗಾಗಿ, ಕಣ್ಣಿನ ಗುಳಿಗಳು ಕತ್ತಲೆಯಾಗಿ, ಮೂಗಿನ ಕೆಳಗೆ ಕರಿಯ ನೆರಳು ಬೀಳುತ್ತದೆ. ಇಂಥ ಚಿತ್ರವನ್ನು ಯಾವ ತಂತ್ರಾಂಶವೂ ನೆಟ್ಟಗೆ ಸರಿಪಡಿಸಲಾರದು, ಏಕೆಂದರೆ ತೀರ ಬೆಳ್ಳಗಾದ ಜಾಗದಲ್ಲಿ ಮರಳಿ ಪಡೆಯಲು ವಿವರವೇ ಉಳಿದಿರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿಯಾದರೋ ನಡುಹಗಲಿನ ಸೂರ್ಯನೂ ದಿಗಂತದಿಂದ 53 ಡಿಗ್ರಿಗಿಂತ ಮೇಲೇರುವುದಿಲ್ಲವಾದ್ದರಿಂದ, ಸುಗ್ಗಿಯಿಂದ ಶಿವರಾತ್ರಿಯವರೆಗಿನ ತಿಂಗಳುಗಳ ಎಳೆಬಿಸಿಲು ಮತ್ತು ಇಳಿಬಿಸಿಲುಗಳು ಮಕ್ಕಳ ಚಿತ್ರಕ್ಕೆ ಈ ಸೀಮೆಯಲ್ಲಿ ಸಿಗುವ ಅತ್ಯುತ್ತಮ ಬೆಳಕೆಂದು ಹೇಳಬಹುದು.

ಬಿಸಿಲಿಗಿಂತಲೂ ಹೆಚ್ಚು ಗಮನ ಕೊಡಬೇಕಾದದ್ದು ನೆರಳಿಗೆ. ನೇರ ಬಿಸಿಲು ಬೀಳದೆ, ಆದರೆ ವಿಶಾಲವಾದ ಆಕಾಶಕ್ಕೆ ತೆರೆದುಕೊಂಡಿರುವ ಜಾಗದ ಬೆಳಕನ್ನು ತೆರೆದ ನೆರಳು ಎಂದು ಕರೆಯುವುದುಂಟು. ಅಲ್ಲಿ ಬೆಳಕು ಒಂದು ಬಿಂದುವಿನಿಂದ ಬಾರದೆ ಇಡೀ ಆಕಾಶದಿಂದ ಬರುವುದರಿಂದ ಮುಖದ ಮೇಲಿನ ನೆರಳಿನ ಅಂಚುಗಳು ಮೆತ್ತಗಾಗುತ್ತವೆ. ಸಿದ್ದರಬೆಟ್ಟದ ಸೀಮೆಯಲ್ಲಿ ಇಂಥ ನೆರಳನ್ನು ಕೊಡುವ ದೊಡ್ಡ ಉಪಕರಣವೆಂದರೆ ಬಂಡೆಯೇ. ಬೂದು ಬಣ್ಣದ ಕಲ್ಲಿಗೆ ತನ್ನದೇ ಆದ ಗಾಢ ಬಣ್ಣವಿಲ್ಲದ ಕಾರಣ ಎದುರಿನ ಬಂಡೆಗೆ ಬಿಸಿಲು ಬಡಿದು ತಿರುಗಿ ಬರುವ ಬೆಳಕು ಮಗುವಿನ ಚರ್ಮದ ಬಣ್ಣವನ್ನು ಕೆಡಿಸದೆ ನೆರಳಿನ ಬದಿಯನ್ನು ತುಂಬುತ್ತದೆ. ಗವಿಯ ಬಾಯಿಯಿಂದ ಎರಡು ಹೆಜ್ಜೆ ಒಳಗೆ, ಹೊರಗಿನ ಬೆಳಕಿಗೆ ಮುಖ ಮಾಡಿ ನಿಂತ ಮಗುವಿನ ಮೇಲೆ ಬೀಳುವ ಬೆಳಕಂತೂ ಹಳೆಯ ಸ್ಟುಡಿಯೋಗಳ ಉತ್ತರದ ಕಿಟಕಿಯ ಬೆಳಕಿಗೆ ಸಮನಾದುದು. ಹಿನ್ನೆಲೆ ತಾನಾಗಿಯೇ ಕತ್ತಲಾಗುವುದರಿಂದ ಅಲ್ಲಿ ಬೇರೆ ಪರದೆಯೂ ಬೇಕಾಗುವುದಿಲ್ಲ. ಊರೊಳಗೆ ಇದೇ ಕೆಲಸವನ್ನು ಜಗುಲಿ, ಪಡಸಾಲೆಯ ಬಾಗಿಲು, ತೊಟ್ಟಿಮನೆಯ ಅಂಕಣ, ಹಳೆಯ ಮನೆಗಳ ಮಾಡಿನಲ್ಲಿರುವ ಬೆಳಕಿಂಡಿಗಳು ಮಾಡುತ್ತವೆ.

ಹುಣಸೆಮರದ ನೆರಳು ಕಣ್ಣಿಗೆ ತಂಪಾದರೂ ಕ್ಯಾಮೆರಾಗೆ ಕಷ್ಟದ್ದು. ಅದರ ಸಣ್ಣ ಎಲೆಗಳ ಸಂದಿಯಿಂದ ಬಿಸಿಲು ಸೋರಿ ಮುಖದ ಮೇಲೆ ನಾಣ್ಯಗಳನ್ನು ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಬೀಳುತ್ತವೆ, ಮೇಲಾಗಿ ಎಲೆಯನ್ನು ಹಾಯ್ದು ಬಂದ ಬೆಳಕು ಹಣೆ ಕೆನ್ನೆಗಳಿಗೆ ಹಸಿರು ಛಾಯೆಯನ್ನು ಬಳಿಯುತ್ತದೆ. ದಟ್ಟ ಎಲೆಯ ಹೊಂಗೆಮರದ ಅಂಚಿನಲ್ಲಿ, ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆಯ ಒಳಮಗ್ಗುಲಲ್ಲಿ, ಮಗು ಕೂತಿದ್ದರೆ ಈ ಎರಡು ತೊಂದರೆಗಳೂ ಬಹುಮಟ್ಟಿಗೆ ತಪ್ಪುತ್ತವೆ.

ಚಿತ್ರ ತೆಗೆಯುವ ಕ್ರಮದ ಬಗ್ಗೆ ಕೆಲವೇ ಮಾತು ಸಾಕು. ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರಕ್ಕೆ ಇಳಿಯಬೇಕು. ಓಡಾಡುವ ಮಗುವಿಗೆ ಸೆಕೆಂಡಿನ 250ನೆಯ ಒಂದು ಭಾಗಕ್ಕಿಂತ ನಿಧಾನವಾದ ಶಟರ್ ವೇಗ ಸಲ್ಲದು. ಮೊಬೈಲಿನಲ್ಲಾದರೆ ಅಗಲ ನೋಟದ ಮಸೂರವನ್ನು ಮುಖದ ಹತ್ತಿರಕ್ಕೆ ಒಯ್ದಾಗ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿದು ಮುಖದ ಆಕಾರವೇ ಕೆಡುವುದರಿಂದ ಐದಾರು ಅಡಿ ದೂರ ನಿಂತು ಎರಡು ಪಟ್ಟಿನ ಮಸೂರವನ್ನು ಬಳಸುವುದು ಲೇಸು. ಫೋಕಸ್ ಹತ್ತಿರದ ಕಣ್ಣಿನ ಮೇಲಿರಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ, ಹೊಸಬರು ಬಂದಾಗ ಹಟ್ಟಿಯ ಮಕ್ಕಳೆಲ್ಲ ಸುತ್ತುಗಟ್ಟಿ ನಿಲ್ಲುವುದು ಸಹಜವಾದ್ದರಿಂದ, ಅವರ ಕುತೂಹಲ ತಣಿದು ಅವರು ತಮ್ಮ ಗೋಲಿಗೋ ಕುಂಟೆಬಿಲ್ಲೆಗೋ ಮರಳುವವರೆಗೆ ಕಾಯುವ ತಾಳ್ಮೆ ಬೇಕು.

ಬೆಳಕಿನ ಪ್ರಮಾಣವನ್ನು ಅಳೆಯುವಾಗ ಆಗುವ ತಪ್ಪೊಂದು ಮುಂದಿನ ತಿದ್ದುಪಡಿಗೆಲ್ಲ ಮೂಲವಾಗುವುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕ್ಯಾಮೆರಾದೊಳಗಿನ ಅಳತೆಯ ಯಂತ್ರ ತನ್ನ ಎದುರಿಗಿರುವ ದೃಶ್ಯ ಸರಾಸರಿಯಲ್ಲಿ ಒಂದು ನಡುವಣ ಬೂದುಬಣ್ಣಕ್ಕೆ ಸಮ ಎಂದು ಊಹಿಸಿಕೊಂಡು ಕೆಲಸ ಮಾಡುತ್ತದೆ. ಆದಕಾರಣ ಸುಣ್ಣ ಬಳಿದ ಬಿಳಿಗೋಡೆಯ ಮುಂದೆ ಎಣ್ಣೆಗಪ್ಪು ಬಣ್ಣದ ಮಗು ನಿಂತಿದ್ದರೆ ಯಂತ್ರ ಗೋಡೆಯನ್ನು ಬೂದು ಮಾಡಲು ಹೋಗಿ ಮಗುವಿನ ಮುಖವನ್ನು ಕತ್ತಲೆಗೆ ನೂಕುತ್ತದೆ. ಅದೇ ಮಗು ಗವಿಯ ಕತ್ತಲೆಯ ಮುಂದೆ ನಿಂತಾಗ ಮುಖ ಅಗತ್ಯಕ್ಕಿಂತ ಬೆಳ್ಳಗಾಗುತ್ತದೆ. ಮೊದಲ ಸಂದರ್ಭದಲ್ಲಿ ಬೆಳಕಿನ ಪ್ರಮಾಣವನ್ನು ಅರ್ಧದಿಂದ ಒಂದು ಸ್ಟಾಪಿನವರೆಗೆ ಹೆಚ್ಚಿಸಿ, ಎರಡನೆಯದರಲ್ಲಿ ಅಷ್ಟೇ ಕಡಿಮೆ ಮಾಡಿ ತೆಗೆಯಬೇಕು. ಬೆಳಕು ಇಮ್ಮಡಿಯಾಗುವುದನ್ನು ಅಥವಾ ಅರ್ಧವಾಗುವುದನ್ನು ಒಂದು ಸ್ಟಾಪ್ ಎನ್ನುತ್ತಾರೆ. ಸಾಧ್ಯವಿದ್ದರೆ ಚಿತ್ರವನ್ನು ರಾ ಎಂಬ ರೂಪದಲ್ಲಿ, ಎಂದರೆ ಕ್ಯಾಮೆರಾದ ಸಂವೇದಕ ಗ್ರಹಿಸಿದ ಮಾಹಿತಿಯನ್ನು ಸಂಸ್ಕರಿಸದ ಕಡತವಾಗಿ, ಉಳಿಸಿಕೊಳ್ಳುವುದು ಒಳ್ಳೆಯದು. ಸಾಮಾನ್ಯ ಜೆಪೆಗ್ ಕಡತದಲ್ಲಿ ಪ್ರತಿಯೊಂದು ಮೂಲವರ್ಣಕ್ಕೂ 256 ಹಂತಗಳು ಮಾತ್ರ ಇದ್ದರೆ, 14 ಬಿಟ್ಟಿನ ರಾ ಕಡತದಲ್ಲಿ 16,384 ಹಂತಗಳಿರುತ್ತವೆ. ನೆರಳಿನ ಭಾಗವನ್ನು ಆಮೇಲೆ ಸ್ವಲ್ಪ ಬೆಳಗಿಸಿದಾಗ ಚರ್ಮ ತೇಪೆತೇಪೆಯಾಗಿ ಕಾಣದಿರುವುದಕ್ಕೆ ಈ ಹೆಚ್ಚಿನ ಹಂತಗಳೇ ಕಾರಣ.

ತಿದ್ದುಪಡಿ ಎಂಬುದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಚಾಳಿಯೇನೂ ಅಲ್ಲ. ಫಿಲ್ಮಿನ ಕಾಲದ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಚೂಪಾದ ಸೀಸದ ಕಡ್ಡಿಯಿಂದ ನವಿರಾಗಿ ಗೀರಿ ಮುಖದ ಕಲೆಗಳನ್ನು ಮುಚ್ಚುತ್ತಿದ್ದರು, ಕಪ್ಪುಬಿಳುಪು ಪ್ರಿಂಟಿಗೆ ಕುಂಚದಿಂದ ಬಣ್ಣ ತುಂಬುತ್ತಿದ್ದರು. ಕತ್ತಲೆಕೋಣೆಯಲ್ಲಿ ಪ್ರಿಂಟು ಹಾಕುವಾಗ ಕೈಯನ್ನೋ ರಟ್ಟಿನ ತುಂಡನ್ನೋ ಅಡ್ಡ ಹಿಡಿದು ಒಂದು ಭಾಗಕ್ಕೆ ಬೆಳಕನ್ನು ತಡೆಯುವ ಡಾಡ್ಜಿಂಗ್, ಮತ್ತೊಂದು ಭಾಗಕ್ಕೆ ಹೆಚ್ಚು ಬೆಳಕು ಬೀಳಿಸಿ ಗಾಢವಾಗಿಸುವ ಬರ್ನಿಂಗ್ ಎಂಬ ವಿಧಾನಗಳು ಎಲ್ಲ ಒಳ್ಳೆಯ ಪ್ರಿಂಟುಗಾರರಿಗೂ ಕರಗತವಾಗಿದ್ದವು. 1990ರಲ್ಲಿ ಬಂದ ಫೋಟೋಶಾಪ್ ಮತ್ತು 2007ರಲ್ಲಿ ಬಂದ ಲೈಟ್‌ರೂಮ್ ಈ ಹಳೆಯ ಹೆಸರುಗಳನ್ನೇ ಉಳಿಸಿಕೊಂಡವು. ಇಂದು ಹಣ ಕೊಡದೆ ಸಿಗುವ ಡಾರ್ಕ್‌ಟೇಬಲ್ ಕಂಪ್ಯೂಟರಿನಲ್ಲಿಯೂ ಸ್ನ್ಯಾಪ್‌ಸೀಡ್ ಮೊಬೈಲಿನಲ್ಲಿಯೂ ಇದೇ ಕೆಲಸವನ್ನು ಮಾಡಿಕೊಡುವುದರಿಂದ ಹಿಂದೆ ನುರಿತ ಕುಶಲಕರ್ಮಿಯ ಕೈಯಲ್ಲಿದ್ದ ಅಧಿಕಾರ ಈಗ ಪ್ರತಿ ಮನೆಗೂ ಬಂದಿದೆ, ಅದರೊಂದಿಗೆ ಬರಬೇಕಾದ ಸಂಯಮ ಮಾತ್ರ ಅಷ್ಟೇ ವೇಗದಲ್ಲಿ ಬಂದಿಲ್ಲ.

ವಿಧಾನ ಸ್ಪಷ್ಟವಾಗಲು ಒಂದು ಚಿತ್ರವನ್ನು ಕಲ್ಪಿಸಿಕೊಳ್ಳಬಹುದು. ಶಿರಾ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಸಂಕ್ರಾಂತಿಯ ಆಸುಪಾಸಿನ ಒಂದು ಬೆಳಗ್ಗೆ, ಉತ್ತರಕ್ಕೆ ಮುಖವಾದ ಮನೆಯ ಜಗುಲಿಯ ಮೇಲೆ ಐದಾರು ವರ್ಷದ ಹುಡುಗಿಯೊಬ್ಬಳು ಮೊರದ ಮುಂದೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಜಗುಲಿಗೆ ನೇರ ಬಿಸಿಲಿಲ್ಲ. ಅಂಗಳದ ಕೆಮ್ಮಣ್ಣಿನ ಮೇಲೆ ಬಿಸಿಲಿದೆ. ಹಿಂದಿನ ಗೋಡೆಗೆ ಹಸಿರುಮಿಶ್ರಿತ ನೀಲಿ ಬಣ್ಣ ಬಳಿದಿದೆ. ಮೇಲ್ನೋಟಕ್ಕೆ ಸರಳವಾಗಿ ಕಾಣುವ ಈ ಚಿತ್ರದಲ್ಲಿ ಮೂರು ಬಣ್ಣದ ಬೆಳಕುಗಳು ಕೂಡಿವೆ: ನೆರಳಿಗೆ ಬೆಳಕು ಕೊಡುವ ನೀಲಿ ಆಕಾಶ ಇಡೀ ಮುಖಕ್ಕೆ ತಣ್ಣನೆಯ ಛಾಯೆಯನ್ನು ಕೊಟ್ಟಿದೆ, ಅಂಗಳದ ಮಣ್ಣು ಗಲ್ಲದ ಕೆಳಭಾಗವನ್ನು ಕೆಂಪಾಗಿಸಿದೆ, ಗೋಡೆಯ ಹತ್ತಿರದ ಕೆನ್ನೆಗೆ ಹಸಿರು ತಾಗಿದೆ.

ಮೊದಲು ಸರಿಪಡಿಸಬೇಕಾದದ್ದು ಬಿಳಿಯ ಸಮತೋಲ, ಎಂದರೆ ಬಿಳಿಯ ವಸ್ತು ಚಿತ್ರದಲ್ಲಿಯೂ ಬಿಳಿಯಾಗಿ ಕಾಣುವಂತೆ ಬೆಳಕಿನ ಛಾಯೆಯನ್ನು ಹೊಂದಿಸುವುದು. ಬೆಳಕಿನ ಛಾಯೆಯನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುವುದು ರೂಢಿ. ನಡುಹಗಲಿನ ಬಿಸಿಲು ಸುಮಾರು 5500 ಕೆಲ್ವಿನ್, ತೆರೆದ ನೆರಳು 7000ದಿಂದ 8000 ಕೆಲ್ವಿನ್. ಕ್ಯಾಮೆರಾದ ತನ್ನಷ್ಟಕ್ಕೆ ಹೊಂದಿಸಿಕೊಳ್ಳುವ ವ್ಯವಸ್ಥೆ ಇಂಥ ನೆರಳನ್ನು ಪೂರ್ತಿ ತಿದ್ದದೆ ಬಿಡುವುದುಂಟು. ಈ ಚಿತ್ರದಲ್ಲಿ ಅದನ್ನು 6800ರ ಆಸುಪಾಸಿಗೆ ತಂದರೆ ಚರ್ಮದ ಬಿಸುಪು ಮರಳುತ್ತದೆ, ಪೂರ್ತಿ 8000ಕ್ಕೆ ಒಯ್ದರೆ ಅರಿಶಿನ ಬಳಿದಂತಾಗುತ್ತದೆ. ನಿಖರವಾದ ಗುರುತೊಂದಿದೆ: ಬೆಳಕು ಸರಿಯಾಗಿದ್ದಾಗ ಮನುಷ್ಯನ ಚರ್ಮ ಎಷ್ಟೇ ಕಪ್ಪಾಗಿರಲಿ ಎಷ್ಟೇ ಬೆಳ್ಳಗಿರಲಿ, ಅದರ ಮೂಲವರ್ಣಗಳಲ್ಲಿ ಕೆಂಪು ಎಲ್ಲಕ್ಕಿಂತ ಹೆಚ್ಚು, ಹಸಿರು ನಡುವೆ, ನೀಲಿ ಎಲ್ಲಕ್ಕಿಂತ ಕಡಿಮೆ ಇರುತ್ತದೆ. ಕೆನ್ನೆಯ ಮೇಲೆ ಕೆಂಪು 150, ಹಸಿರು 105, ನೀಲಿ 80 ಎಂಬಂಥ ಅಂಕೆಗಳು ಬಂದರೆ ಎಣ್ಣೆಗೆಂಪಿನ ಮಗುವಿಗೆ ಅವು ಒಪ್ಪತಕ್ಕವು. ನೀಲಿ ಹಸಿರನ್ನು ಮೀರಿದ್ದರೆ ಬಣ್ಣ ಇನ್ನೂ ಸರಿಹೋಗಿಲ್ಲ ಎಂದೇ ತಿಳಿಯಬೇಕು.

ಆಮೇಲೆ ಬೆಳಕಿನ ಮಟ್ಟ. ಒಟ್ಟು ಚಿತ್ರವನ್ನು ಸ್ಟಾಪಿನ ಮೂರನೆಯ ಒಂದು ಭಾಗದಷ್ಟು ಎತ್ತಿ, ಎಣ್ಣೆ ಹಚ್ಚಿದ ಕೂದಲ ಮೇಲಿನ ಮತ್ತು ಹಣೆಯ ಮೇಲಿನ ಹೊಳಪನ್ನು ಸ್ವಲ್ಪ ತಗ್ಗಿಸಿ, ಕಣ್ಣಿನ ಗುಳಿಯ ನೆರಳನ್ನು ಅಷ್ಟೇ ಹಿತವಾಗಿ ಬೆಳಗಿಸಿದರೆ ಸಾಕು. ನೆರಳನ್ನು ಪೂರ್ತಿ ಬೆಳಗಿಸುವ ಆಸೆಯನ್ನು ತಡೆಯಬೇಕು. ಜಗುಲಿಯ ಬೆಳಕಿಗೆ ಒಂದು ಕಡೆಯಿಂದ ಬರುವ ಗುಣವಿದ್ದು, ಆ ಇಳಿಜಾರು ಅಳಿಸಿಹೋದರೆ ಮುಖದ ದುಂಡುತನವೂ ಅಳಿಸಿಹೋಗುತ್ತದೆ. ಗಲ್ಲದ ಕೆಳಗಿನ ಕೆಂಪನ್ನೂ ಗೋಡೆಯ ಬದಿಯ ಹಸಿರನ್ನೂ ಇಡೀ ಚಿತ್ರಕ್ಕೆ ತಿದ್ದುಪಡಿ ಮಾಡದೆ, ಆಯಾ ಜಾಗಕ್ಕೆ ಮಾತ್ರ ಕುಂಚ ಆಡಿಸಿ, ಅಂಚು ಕಾಣದಂತೆ ತಗ್ಗಿಸಬೇಕು. ಬಣ್ಣವನ್ನು ಒಟ್ಟಾರೆ ಗಾಢಗೊಳಿಸುವ ಸ್ಯಾಚುರೇಷನ್ನಿಗಿಂತ, ಈಗಾಗಲೇ ಗಾಢವಾಗಿರುವ ಬಣ್ಣಗಳನ್ನೂ ಚರ್ಮದ ಬಣ್ಣವನ್ನೂ ಹೆಚ್ಚು ಮುಟ್ಟದೆ ಮಂಕಾದವನ್ನು ಮಾತ್ರ ಎತ್ತುವ ವೈಬ್ರೆನ್ಸ್ ಎಂಬ ಸಾಧನ ಮಕ್ಕಳ ಚಿತ್ರಕ್ಕೆ ಹೊಂದುತ್ತದೆ. ಅದೂ ಹುಡುಗಿಯ ಲಂಗದ ಬಣ್ಣ ನೋಡಿದವರ ಕಣ್ಣನ್ನು ಮುಖದಿಂದ ಎಳೆಯದಷ್ಟು ಮಾತ್ರ.

ಇಷ್ಟಾದ ಮೇಲೆ ಮುಖದ ಮೇಲಿನ ಗುರುತುಗಳ ಪ್ರಶ್ನೆ ಬರುತ್ತದೆ, ಮತ್ತು ಹೆಚ್ಚಿನ ಚಿತ್ರಗಳು ಕೆಡುವುದು ಇಲ್ಲಿಯೇ. ಹುಡುಗಿಯ ಕೆನ್ನೆಯ ಮೇಲೆ ತಾಯಿ ಅಥವಾ ಅಜ್ಜಿ ಇಟ್ಟ ಕಾಡಿಗೆಯ ದೃಷ್ಟಿಬೊಟ್ಟು ಇದೆ, ಹಣೆಯಲ್ಲಿ ಅರ್ಧ ಉದುರಿದ ವಿಭೂತಿಯಿದೆ, ಮೊಣಕೈಯಲ್ಲಿ ಬಿದ್ದು ಒಣಗಿದ ಗಾಯವಿದೆ, ತುಟಿಯ ಮೇಲೆ ಸೊಳ್ಳೆ ಕಚ್ಚಿದ ಗಂಧೆಯಿದೆ, ಮುಂದಿನ ಒಂದು ಹಲ್ಲು ಬಿದ್ದಿದೆ. ಮೊಬೈಲುಗಳ ಸೌಂದರ್ಯ ವಿಧಾನಕ್ಕೆ, ಅಂದರೆ ಚರ್ಮದ ಕಲೆಗಳನ್ನು ತಾನೇ ಹುಡುಕಿ ಅಳಿಸುವ ವ್ಯವಸ್ಥೆಗೆ, ದೃಷ್ಟಿಬೊಟ್ಟೂ ಒಂದು ಕಲೆ, ಮಚ್ಚೆಯೂ ಒಂದು ಕಲೆ. ಅದು ಎರಡನ್ನೂ ಅಳಿಸಬಲ್ಲುದು. ಈ ಸೀಮೆಯ ಮನೆಗಳಲ್ಲಿ ಹಸುಳೆಯ ಕೆನ್ನೆಗೆ ಆ ಕಪ್ಪು ಚುಕ್ಕೆಯನ್ನು ಇಡುವ ಕೈ ಯಾರದೆಂಬುದು ಮನೆಯವರಿಗೆಲ್ಲ ಗೊತ್ತಿರುತ್ತದೆ, ಆದ್ದರಿಂದ ಅದನ್ನು ಅಳಿಸಿದ ಚಿತ್ರ ಎಷ್ಟೇ ನಯವಾಗಿದ್ದರೂ ಆ ಮನೆಯ ಮಗುವಿನ ಚಿತ್ರವಾಗಿ ಉಳಿಯುವುದಿಲ್ಲ. ಭಾವಚಿತ್ರಕಾರರು ಪಾಲಿಸುವ ಒಂದು ಹಳೆಯ ನಿಯಮ ಇಲ್ಲಿ ನೆರವಾಗುತ್ತದೆ: ಒಂದೆರಡು ವಾರದಲ್ಲಿ ತಾನಾಗಿ ಮಾಯುವ ಗುರುತನ್ನು ಬೇಕೆನಿಸಿದರೆ ತಗ್ಗಿಸಬಹುದು, ಉಳಿಯುವುದನ್ನು ಮುಟ್ಟಬಾರದು. ಈ ನಿಯಮದ ಪ್ರಕಾರ ಸೊಳ್ಳೆಯ ಗಂಧೆಯನ್ನು ಸ್ವಲ್ಪ ಮಸುಕಾಗಿಸಬಹುದು, ಮಚ್ಚೆ ಉಳಿಯಬೇಕು. ಬಿದ್ದ ಹಲ್ಲಿನ ಕಿಂಡಿ ಕೆಲವೇ ತಿಂಗಳಲ್ಲಿ ತುಂಬಿಹೋಗುವಂಥದಾದರೂ ಅದು ಆ ವಯಸ್ಸಿನ ಸಾಕ್ಷಿಯಾದ್ದರಿಂದ ನಿಯಮಕ್ಕೆ ಹೊರತಾಗಿ ಉಳಿಯತಕ್ಕದ್ದು. ದೃಷ್ಟಿಬೊಟ್ಟೂ ವಿಭೂತಿಯೂ ಹಾಗೆಯೇ. ಮೊಣಕೈಯ ಗಾಯದ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು, ಅದನ್ನು ಬಿಡುವುದೇ ಮೇಲು.

ಚರ್ಮವನ್ನು ನಯಗೊಳಿಸಲು ಮದುವೆ ಆಲ್ಬಮ್ಮುಗಳಲ್ಲಿ ಬಳಸುವ ವಿಧಾನವೊಂದಿದೆ. ಅದರಲ್ಲಿ ಚಿತ್ರವನ್ನು ಬಣ್ಣದ ಪದರ ಮತ್ತು ಸೂಕ್ಷ್ಮ ವಿವರದ ಪದರ ಎಂದು ಎರಡಾಗಿ ಬಿಡಿಸಿ, ಬಣ್ಣದ ಪದರವನ್ನು ಮಾತ್ರ ಮಸುಕಾಗಿಸುತ್ತಾರೆ. ಮಕ್ಕಳ ಚರ್ಮಕ್ಕೆ ಇದರ ಅಗತ್ಯವೇ ಇಲ್ಲ. ಮಗುವಿನ ಕೆನ್ನೆಯ ಮೇಲಿನ ನವಿರಾದ ರೋಮ, ಚಳಿಗಾಲದಲ್ಲಿ ಬಿರಿದ ಚರ್ಮದ ಬಿಳಿ ಗೆರೆ, ಮೂಗಿನ ಪಕ್ಕದ ಧೂಳು ಇವು ಬೆಳಕನ್ನು ಚದುರಿಸುವ ರೀತಿಯಿಂದಲೇ ಮುಖಕ್ಕೆ ಜೀವ ಬರುತ್ತದೆ. ಅವುಗಳನ್ನು ಒರೆಸಿಹಾಕಿದರೆ ಉಳಿಯುವುದು ಮೇಣದ ಗೊಂಬೆ.

ಎಲ್ಲಕ್ಕಿಂತ ಗಂಭೀರವಾದದ್ದು ಬಣ್ಣವನ್ನು ತಿಳಿಯಾಗಿಸುವ ಪದ್ಧತಿ. ಸ್ಟುಡಿಯೋಗಳಿಗೆ ಮಕ್ಕಳನ್ನು ಕರೆತರುವ ತಂದೆತಾಯಿಗಳು ‘ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡಿ’ ಎಂದು ಕೇಳುವುದೂ, ಸ್ಟುಡಿಯೋದವರು ಟಚಪ್ ಹೆಸರಿನಲ್ಲಿ ಅದನ್ನು ಮಾಡಿಕೊಡುವುದೂ ಎಷ್ಟು ಸಾಮಾನ್ಯವಾಗಿದೆಯೆಂದರೆ ಅದರಲ್ಲಿ ತಪ್ಪೇನಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ತಂತ್ರಜ್ಞಾನದ ಚರಿತ್ರೆಯೂ ಈ ಪಕ್ಷಪಾತಕ್ಕೆ ಒತ್ತಾಸೆಯಾಗಿ ನಿಂತಿತ್ತು. ಕೊಡಕ್ ಕಂಪನಿ ಬಣ್ಣದ ಪ್ರಿಂಟುಗಳನ್ನು ಸರಿದೂಗಿಸಲು ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ, ಶರ್ಲಿ ಕಾರ್ಡ್ ಎಂದು ಹೆಸರಾದ ಮಾದರಿ ಚಿತ್ರದಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯ ಮುಖ. ಆ ಮುಖ ಚೆನ್ನಾಗಿ ಬಂದರೆ ಪ್ರಿಂಟು ಸರಿ ಎಂದು ಲೆಕ್ಕವಾದ್ದರಿಂದ ಕಂದು ಮತ್ತು ಕಪ್ಪು ಚರ್ಮದ ಒಳವಿವರಗಳು ಕತ್ತಲೆಯಲ್ಲಿ ಮುಳುಗುತ್ತಿದ್ದವು. ಕಂದುಬಣ್ಣಗಳನ್ನು ಸರಿಯಾಗಿ ತೋರಿಸುವಂತೆ ಫಿಲ್ಮು ಸುಧಾರಿಸಿದ್ದರಲ್ಲಿ ಚಾಕೊಲೆಟ್ ಮತ್ತು ಮರದ ಪೀಠೋಪಕರಣ ತಯಾರಕರ ದೂರುಗಳ ಪಾಲೂ ಇತ್ತೆಂದು ಈ ವಿಷಯವನ್ನು ಅಧ್ಯಯನ ಮಾಡಿದವರು ದಾಖಲಿಸಿದ್ದಾರೆ. ಕಪ್ಪು ಚರ್ಮದವರ ಬೇಡಿಕೆಗಿಂತ ಮೇಜುಕುರ್ಚಿಯ ಬಣ್ಣಕ್ಕೆ ಹೆಚ್ಚು ಬೆಲೆ ಸಿಕ್ಕ ಈ ಸಂಗತಿ ನೋವಿನದು. ಮೊಬೈಲ್ ಕ್ಯಾಮೆರಾಗಳ ಕಾಲದಲ್ಲಿ 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಲ್ಲಿ ಎಲ್ಲ ಬಗೆಯ ಚರ್ಮವನ್ನೂ ನಿಜವಾಗಿ ತೋರಿಸಲು ರಿಯಲ್ ಟೋನ್ ಎಂಬ ವ್ಯವಸ್ಥೆಯನ್ನು ತಂದಿತು, ಮರುವರ್ಷ ಸಮಾಜವಿಜ್ಞಾನಿ ಎಲಿಸ್ ಮಂಕ್ ಅವರು ರೂಪಿಸಿದ, ಚರ್ಮದ ಹತ್ತು ಛಾಯೆಗಳ ಅಳತೆಪಟ್ಟಿಯನ್ನೂ ಬಳಕೆಗೆ ತಂದಿತು.

ಯಂತ್ರ ತನ್ನ ತಪ್ಪನ್ನು ತಿದ್ದಿಕೊಳ್ಳುತ್ತಿರುವ ಹೊತ್ತಿನಲ್ಲಿ ಮನುಷ್ಯನ ಕೈ ಅದೇ ತಪ್ಪನ್ನು ಬೇಕೆಂದು ಮಾಡುವುದು ಸಲ್ಲದು. ಎಣ್ಣೆಗಪ್ಪಿನ ಮಗುವಿನ ಮುಖ ಚಿತ್ರದಲ್ಲಿ ಚೆನ್ನಾಗಿ ಕಾಣಬೇಕಾದರೆ ಆ ಮುಖದ ಬಣ್ಣವನ್ನು ಎತ್ತಬೇಕಾಗಿಲ್ಲ, ಅದರ ಮೇಲೆ ಬಿದ್ದ ಬೆಳಕಿನ ಹೊಳಪನ್ನು ಉಳಿಸಬೇಕು. ಕಪ್ಪು ಚರ್ಮ ತನ್ನ ಆಕಾರವನ್ನು ತೋರಿಸಿಕೊಳ್ಳುವುದು ಬಹುಪಾಲು ಹಣೆ, ಕೆನ್ನೆಯ ಏಣು ಮತ್ತು ಮೂಗಿನ ಮೇಲಿನ ಮೃದುವಾದ ಹೊಳಪುಗಳಿಂದ. ಅವನ್ನು ಎಣ್ಣೆಜಿಡ್ಡೆಂದು ಪೂರ್ತಿ ಅಳಿಸಿದವರು ಮುಖವನ್ನು ಚಪ್ಪಟೆಯಾಗಿಸಿ, ಆ ಚಪ್ಪಟೆತನವನ್ನು ನೀಗಲು ಮತ್ತೆ ಬಣ್ಣವನ್ನು ತಿಳಿಯಾಗಿಸುತ್ತಾರೆ. ಕಪ್ಪುಬಿಳುಪಿಗೆ ಪರಿವರ್ತಿಸುವಾಗಲೂ ಇದೇ ಎಚ್ಚರ ಬೇಕು. ಕೆಂಪು ಮತ್ತು ಕಿತ್ತಳೆ ಬಣ್ಣಗಳನ್ನು ಎಷ್ಟು ಬೆಳ್ಳಗೆ ತೋರಿಸಬೇಕೆಂಬುದನ್ನು ತಂತ್ರಾಂಶ ಬಳಸುವವರೇ ನಿರ್ಧರಿಸಬಹುದಾದ್ದರಿಂದ, ಕಿತ್ತಳೆಯ ಪ್ರಮಾಣವನ್ನು ಹೆಚ್ಚಿಸಿದ ಕೂಡಲೇ ಕಂದು ಮುಖ ಬೆಳ್ಳಗಾಗಿಬಿಡುತ್ತದೆ, ಬಣ್ಣವೇ ಇಲ್ಲದ ಚಿತ್ರವಾದ್ದರಿಂದ ಆ ಬದಲಾವಣೆ ಯಾರ ಗಮನಕ್ಕೂ ಬಾರದೆ ಹೋಗುತ್ತದೆ.

ಕಣ್ಣುಗಳ ವಿಷಯದಲ್ಲಿ ಬಹಳ ಹೇಳಬೇಕಾದ್ದಿಲ್ಲ. ತೆರೆದ ನೆರಳಿನಲ್ಲಿ ತೆಗೆದ ಚಿತ್ರದಲ್ಲಿ ಆಕಾಶದ ಪ್ರತಿಬಿಂಬ ಕಣ್ಣಿನಲ್ಲಿ ಬೆಳಕಿನ ಚೂರಾಗಿ ತಾನೇ ಮೂಡಿರುತ್ತದೆ. ಅದನ್ನು ಹೊಸದಾಗಿ ಬರೆಯಬಾರದು, ಬೇಕಾದರೆ ಸ್ಟಾಪಿನ ಐದನೆಯ ಒಂದು ಭಾಗದಷ್ಟು ಎತ್ತಬಹುದು. ಕಣ್ಣಿನ ಬಿಳಿಭಾಗವನ್ನು ಕಾಗದದ ಬಿಳುಪಿಗೆ ತರುವುದು ಮಾತ್ರ ಬೇಡ. ಹರಿತಗೊಳಿಸುವ ಸಾಧನವನ್ನು ಕಣ್ಣು, ರೆಪ್ಪೆ, ತುಟಿಯ ಅಂಚು, ಕೂದಲುಗಳಿಗಷ್ಟೇ ಸೀಮಿತಗೊಳಿಸಬೇಕು.

ಹಿನ್ನೆಲೆಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಬಿಂದಿಗೆಯನ್ನೋ ತಂತಿಯ ಮೇಲಿನ ಬಟ್ಟೆಯನ್ನೋ ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಕ್ಷಣದಲ್ಲಿ ಅಳಿಸಿಬಿಡುತ್ತವೆ. ಮನೆಯ ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಇದರಿಂದ ಹಾನಿಯಿಲ್ಲವೆಂದು ವಾದಿಸಬಹುದಾದರೂ, ಆ ಬಿಂದಿಗೆ ನೀರಿಗಾಗಿ ಸಾಲು ನಿಲ್ಲುವ ಊರಿನ ಬದುಕನ್ನು ಹೇಳುತ್ತಿದ್ದರೆ ಅದನ್ನು ಅಳಿಸಿದ ಚಿತ್ರ ಅಷ್ಟು ಬಡವಾಗುತ್ತದೆ. ಕಣ್ಣಿಗೆ ತೊಡಕಾಗುವ ವಸ್ತುವನ್ನು ಅಳಿಸುವ ಬದಲು ಹಿನ್ನೆಲೆಯನ್ನು ತುಸು ಗಾಢವಾಗಿಸಿದರೆ ಅದು ತಾನಾಗಿ ಹಿಂದೆ ಸರಿಯುತ್ತದೆ. ಪತ್ರಿಕೆಗೋ ಶಾಲೆಯ ವರದಿಗೋ ಹೋಗುವ ಚಿತ್ರದಲ್ಲಂತೂ ಯಾವ ವಸ್ತುವನ್ನೂ ಸೇರಿಸುವುದಾಗಲಿ ತೆಗೆಯುವುದಾಗಲಿ ಕೂಡದು.

ತಿದ್ದುಪಡಿ ಮುಗಿಯಿತೆನಿಸಿದ ಕಡತವನ್ನು ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಹಗಲಿನಲ್ಲಿ ಮೂಲಚಿತ್ರದ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯ ಅಭ್ಯಾಸ. ತಿದ್ದುಪಡಿ ಎದ್ದು ಕಾಣುವಂತಿದ್ದರೆ ಅದರ ಪ್ರಮಾಣವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಬೇಕು. ಮೊಬೈಲಿನ ಪರದೆ ತಾನೇ ಬೆಳಗುವುದರಿಂದ ಅದರಲ್ಲಿ ಸರಿಯಾಗಿ ಕಂಡ ಮುಖ ಕಾಗದದ ಮೇಲೆ ಕಪ್ಪಾಗಿ ಬರುವುದುಂಟು. ಆದ್ದರಿಂದ ದೊಡ್ಡ ಪ್ರಿಂಟು ಹಾಕಿಸುವ ಮುನ್ನ ನಾಲ್ಕು ಇಂಚಿಗೆ ಆರು ಇಂಚಿನ ಸಣ್ಣ ಪ್ರಿಂಟೊಂದನ್ನು ತೆಗೆಸಿ ಕಿಟಕಿಯ ಬೆಳಕಿನಲ್ಲಿ ನೋಡುವುದು ಲೇಸು. ಇಂಚಿಗೆ 300 ಬಿಂದುಗಳ ಲೆಕ್ಕದಲ್ಲಿ ಅಷ್ಟು ಅಳತೆಯ ಪ್ರಿಂಟಿಗೆ 1200ಕ್ಕೆ 1800 ಬಿಂದುಗಳ ಚಿತ್ರ ಸಾಕು.

ಚಿತ್ರ ಮನೆಯಿಂದಾಚೆಗೆ ಹೋಗುವ ಮೊದಲು ಇನ್ನೂ ಒಂದು ತಿದ್ದುಪಡಿ ಬಾಕಿಯಿರುತ್ತದೆ, ಅದು ಕಣ್ಣಿಗೆ ಕಾಣದ್ದು. ಮೊಬೈಲಿನಲ್ಲಿ ಸ್ಥಳ ಗುರುತಿಸುವ ವ್ಯವಸ್ಥೆ ತೆರೆದಿದ್ದರೆ, ಚಿತ್ರ ತೆಗೆದ ದಿನಾಂಕ ಮತ್ತು ಸಮಯಗಳ ಜೊತೆಗೆ ಆ ಜಾಗದ ಅಕ್ಷಾಂಶ ರೇಖಾಂಶಗಳೂ ಕಡತದೊಳಗೆ ದಾಖಲಾಗಿರುತ್ತವೆ. ಮಗುವಿನ ಮನೆಯನ್ನೋ ಶಾಲೆಯನ್ನೋ ಅಪರಿಚಿತರು ಪತ್ತೆ ಹಚ್ಚಲು ಅಷ್ಟೇ ಸಾಕಾದ್ದರಿಂದ ಹಂಚಿಕೊಳ್ಳುವ ಪ್ರತಿಯಿಂದ ಆ ಸ್ಥಳದ ಮಾಹಿತಿಯನ್ನು ತೆಗೆದುಹಾಕಬೇಕು. ಶಾಲೆಯ ಆವರಣದಲ್ಲಿ ತೆಗೆಯುವ ಚಿತ್ರಕ್ಕೆ ಪೋಷಕರ ಮತ್ತು ಮುಖ್ಯೋಪಾಧ್ಯಾಯರ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಯೋಗ್ಯ. ಪಾಲನೆ ರಕ್ಷಣೆಗಳ ಅಗತ್ಯವಿರುವ ಮಕ್ಕಳ, ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಕ್ಕಳ, ಹಾಗೂ ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಕ್ಕಳ ಗುರುತನ್ನು ಹೊರಗೆಡಹುವ ಚಿತ್ರವನ್ನು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಸೆಕ್ಷನ್ ನಿಷೇಧಿಸುತ್ತದೆ. ಮೂಲ ಕಡತವನ್ನು ತಿದ್ದದೆ ಬೇರೆಯಾಗಿ ಕಾಯ್ದಿರಿಸಿ, ತಿದ್ದಿದ ಪ್ರತಿಗೆ ಬೇರೆ ಹೆಸರು ಕೊಟ್ಟು, ಪ್ರಿಂಟಿನ ಹಿಂಬದಿಯಲ್ಲಿ ಸೀಸದ ಕಡ್ಡಿಯಿಂದ ಊರು ಮತ್ತು ದಿನಾಂಕವನ್ನು ಬರೆದು, ಒಂದು ಪ್ರಿಂಟನ್ನು ಆ ಮಗುವಿನ ಮನೆಗೆ ತಪ್ಪದೆ ತಲುಪಿಸುವುದು ಚಿತ್ರ ತೆಗೆದವರ ಹೊಣೆ.